ಎರಡು ಸಲ ಬಂದು ಎರಡು ಸಲ ಹೋದ ‘ಚಕ್ರ’

ಕಡಲಿಲ್ಲದ ಸೀಮೆಯವರು ವಿಶಾಖಪಟ್ಟಣದಲ್ಲಿ ಹುಡುಕುವ ಅಣು ಸಬ್‌ಮರೀನ್ ಎಲ್ಲಿ ಹೋಯ್ತು?

ಪೆನುಕೊಂಡ: ಇಲ್ಲಿನ ಬೆಟ್ಟದ ಕೋಟೆ ಹತ್ತಿ ಸುತ್ತ ಕಣ್ಣು ಹಾಯಿಸಿದರೆ ಕಾಣೋದು ಕಲ್ಲುಗುಡ್ಡ, ಕೆರೆಯಂಗಳ, ಕಡ್ಲೆಕಾಯಿ ಹೊಲ, ಈಚೆಗೆ ಹೆದ್ದಾರಿ ಪಕ್ಕ ಎದ್ದು ನಿಂತ ಕಾರು ಕಾರ್ಖಾನೆ. ಸಮುದ್ರಕ್ಕೂ ಈ ಸೀಮೆಗೂ ಏನು ನಂಟು ಅಂತ ಯಾರನ್ನಾದರೂ ಕೇಳಿದರೆ ನಕ್ಕುಬಿಡುತ್ತಾರೆ. ಕುಡಿಯೋ ನೀರಿಗೇ ಸಾವಿರ ಅಡಿ ಬೋರ್ ಕೊರೆಸುವ ಊರುಗಳಿವು.

ಆದರೂ ಹಿಂದೂಪುರ, ಧರ್ಮಾವರದ ಮೇಲೆ ಹಾದುಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ವಿಶಾಖಪಟ್ಟಣ. ರಾಜ್ಯ ಒಂದೇ. ನಾವು ನೈರುತ್ಯದ ಮೂಲೆ, ಅದು ಈಶಾನ್ಯದ ಮೂಲೆ. ಸಿಂಹಾಚಲ, ಅರಕು ನೋಡೋಕೆ ಹೋದವರು ರಾಮಕೃಷ್ಣ ಬೀಚಿಗೂ ಹೋಗುತ್ತಾರೆ. ಅಲ್ಲಿ ಮರಳ ಮೇಲೆ, ದಡಕ್ಕೆ ಬಿದ್ದ ತಿಮಿಂಗಿಲದಂತೆ, 91 ಮೀಟರ್ ಉದ್ದದ ಸಬ್‌ಮರೀನ್ ನಿಂತಿದೆ. ಹೆಸರು ಐಎನ್‌ಎಸ್ ಕುರ್ಸುರಾ. 1969ರ ಡಿಸೆಂಬರ್‌ನಲ್ಲಿ ನೌಕಾಪಡೆಗೆ ಸೇರಿ 2001ರ ಫೆಬ್ರುವರಿಯಲ್ಲಿ ನಿವೃತ್ತಿಯಾದ ಹಡಗು. 2002ರ ಆಗಸ್ಟ್‌ನಲ್ಲಿ ಅದನ್ನು ಮ್ಯೂಸಿಯಂ ಮಾಡಿದರು. ನೌಕಾಪಡೆಯಿಂದ ನಿವೃತ್ತರಾದವರೇ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ತಲೆ ತಗ್ಗಿಸಿ ಒಂದು ದುಂಡು ಬಾಗಿಲು ದಾಟಿದರೆ ಇನ್ನೊಂದು ದುಂಡು ಬಾಗಿಲು. ಒಬ್ಬರು ಮಲಗುವಷ್ಟೇ ಅಗಲದ ಹಾಸಿಗೆ, ಪಕ್ಕದಲ್ಲೇ ಯಂತ್ರ.

ಕುರ್ಸುರಾ ಓಡಿದ್ದು ಡೀಸೆಲ್ಲಿನಿಂದ. ಹಾಗಾದರೆ ಪೇಪರ್‌ನಲ್ಲಿ ಬರುತ್ತಿತ್ತಲ್ಲ, ಅಣುಶಕ್ತಿಯಿಂದ ಓಡೋ ‘ಚಕ್ರ’, ಅದೂ ವಿಶಾಖಪಟ್ಟಣದಲ್ಲೇ ಇತ್ತಲ್ಲ, ಅದು ಎಲ್ಲಿ?

ಅದು ಇಲ್ಲ. ಒಂದಲ್ಲ ಎರಡು ‘ಚಕ್ರ’ ಬಂದಿದ್ದವು. ಎರಡೂ ವಾಪಸ್ ಹೋದವು.

ಸಾವಿರ ಅಡಿ ಬೋರಿನಂಥ ಲೆಕ್ಕ

ಅಣು ಸಬ್‌ಮರೀನ್ ಅಂದ ಕೂಡಲೇ ಅಣುಬಾಂಬ್ ಹೊತ್ತ ಹಡಗು ಅಂತ ಬಹಳ ಜನ ತಿಳಿಯುತ್ತಾರೆ. ಅದು ಬೇರೆ ಮಾತು, ಇದು ಬೇರೆ. ಇಲ್ಲಿ ಅಣುಶಕ್ತಿ ಅನ್ನೋದು ಹಡಗಿನ ಹೊಟ್ಟೆಗೆ, ಅಂದರೆ ಇಂಜಿನ್ನಿಗೆ. ಎರಡೂ ಚಕ್ರಗಳು ಅಣುಶಕ್ತಿಯಿಂದ ಓಡಿದವು, ಅಣ್ವಸ್ತ್ರ ಹೊರಲಿಲ್ಲ. ಕೊಡುವಾಗಲೇ ರಷ್ಯಾದವರ ಷರತ್ತು ಅದು.

ಡೀಸೆಲ್ ಸಬ್‌ಮರೀನ್‌ಗೆ ಒಂದು ದೊಡ್ಡ ಕಷ್ಟ ಇದೆ. ಇಂಜಿನ್ ಉರಿಯಲು ಗಾಳಿ ಬೇಕು. ನೀರಿನಡಿ ಗಾಳಿ ಎಲ್ಲಿಂದ ಬರಬೇಕು? ಆದ್ದರಿಂದ ನೀರಿನಡಿ ಅದು ಬ್ಯಾಟರಿಯಿಂದ ಓಡುತ್ತದೆ. ಬ್ಯಾಟರಿ ಇಳಿದರೆ ಮೇಲೆ ಬಂದು, ಒಂದು ಕೊಳವೆ ಚಾಚಿ ಗಾಳಿ ಎಳೆದುಕೊಂಡು, ಇಂಜಿನ್ ಹಚ್ಚಿ ಚಾರ್ಜ್ ಮಾಡಿಕೊಳ್ಳಬೇಕು. ಕರೆಂಟ್ ಹೋದಾಗ ಅಂಗಡಿಯವರು ಜನರೇಟರ್ ಎಳೆದು ರಸ್ತೆಗಿಡುವ ಹಾಗೆ. ಎಳೆದ ತಕ್ಷಣ ಇಡೀ ಬೀದಿಗೆ ಗೊತ್ತಾಗುತ್ತದೆ. ಕಡಲಿನಲ್ಲಿ ಶತ್ರುವಿನ ವಿಮಾನಕ್ಕೆ ಆ ಕೊಳವೆ ಕಂಡರೆ ಸಾಕು.

ಅಣು ಸಬ್‌ಮರೀನ್‌ಗೆ ಈ ಗೋಳಿಲ್ಲ. ಯುರೇನಿಯಂ ಅಣುಗಳು ಒಡೆದಾಗ ಕಾವು ಹುಟ್ಟುತ್ತದೆ. ಆ ಕಾವು ನೀರನ್ನು ಹಬೆ ಮಾಡುತ್ತದೆ. ಹಬೆ ಟರ್ಬೈನ್ ತಿರುಗಿಸುತ್ತದೆ. ಟರ್ಬೈನ್ ಪ್ರೊಪೆಲ್ಲರ್ ತಿರುಗಿಸುತ್ತದೆ. ಬೆಂಕಿ ಇಲ್ಲ, ಆದ್ದರಿಂದ ಗಾಳಿ ಬೇಡ. ಸಿಬ್ಬಂದಿ ಉಸಿರಾಡಲು ಬೇಕಾದ ಆಮ್ಲಜನಕವನ್ನು ಸಮುದ್ರದ ನೀರಿನಿಂದಲೇ ತೆಗೆಯುತ್ತಾರೆ. ಒಮ್ಮೆ ತುಂಬಿದ ಇಂಧನ ವರ್ಷಗಟ್ಟಲೆ ಬರುತ್ತದೆ. ಮೇಲೆ ಬರಬೇಕಾಗೋದು ಒಳಗಿನ ಅಕ್ಕಿ ಬೇಳೆ ಮುಗಿದಾಗ, ಇಲ್ಲವೇ ಒಳಗಿನ ಮನುಷ್ಯರು ಸೋತಾಗ.

ಇಂಥ ಹಡಗು ಓಡಿಸುವ ದೇಶಗಳು ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ, ಭಾರತ. ಬೇರೆಯವರ ಹಡಗನ್ನು ಬಾಡಿಗೆಗೆ ತಂದು ಓಡಿಸಿ ಕಲಿತದ್ದು ಮಾತ್ರ ಭಾರತ ಒಂದೇ.

ಮೂರು ವರ್ಷದ ಭೋಗ್ಯ

ಮೊದಲ ಚಕ್ರ ಸೋವಿಯತ್ ಒಕ್ಕೂಟದ ಕೆ-43. 1967ರಲ್ಲಿ ಅಲ್ಲಿನ ನೌಕಾಪಡೆಗೆ ಸೇರಿದ್ದು. ಇಪ್ಪತ್ತು ವರ್ಷ ದುಡಿದ ಮೇಲೆ ಭಾರತಕ್ಕೆ ಮೂರು ವರ್ಷದ ಮಟ್ಟಿಗೆ ಕೊಟ್ಟರು. ನಮ್ಮ ಕಡೆ ಮನೆ ಭೋಗ್ಯಕ್ಕೆ ಹಾಕಿಕೊಳ್ಳುತ್ತೇವಲ್ಲ, ಹಾಗೆ. ಆದರೆ ಭೋಗ್ಯದಲ್ಲಿ ಅವಧಿ ಮುಗಿದರೆ ಕೊಟ್ಟ ದುಡ್ಡು ಕೈಗೆ ಬರುತ್ತದೆ, ಇಲ್ಲಿ ಬರೋದಿಲ್ಲ. ಹೀಗಾಗಿ ಬಾಡಿಗೆ ಅನ್ನೋದೇ ಸರಿ.

ಹಡಗು ಕೈಗೆ ಬರುವ ಎಷ್ಟೋ ವರ್ಷ ಮೊದಲೇ ನಮ್ಮ ನಾವಿಕರು ಸೋವಿಯತ್ ಒಕ್ಕೂಟಕ್ಕೆ ಹೋಗಿ ಪಾಠಕ್ಕೆ ಕುಳಿತಿದ್ದರು. ಮೊದಲು ರಷ್ಯನ್ ಭಾಷೆ, ಆಮೇಲೆ ರಿಯಾಕ್ಟರ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂದು ಎರಡು ದೋಣಿಯ ಮೇಲೆ ಕಾಲಿಟ್ಟು ಬೆಳೆದ ಮಡಕಶಿರಾ, ಅಮರಾಪುರದ ಮಕ್ಕಳಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಒಂದು ಯಂತ್ರದ ಗುಂಡಿ ಮೇಲೆ ಬರೆದಿದ್ದನ್ನು ತಪ್ಪಾಗಿ ಓದಿದರೆ ಇಲ್ಲಿ ಅಂಕ ಹೋಗುತ್ತದೆ, ಅಲ್ಲಿ ಹಡಗೇ ಹೋಗುತ್ತದೆ.

1988ರ ಜನವರಿ 5ರಂದು ವ್ಲಾಡಿವೊಸ್ಟೊಕ್‌ನಲ್ಲಿ ಕೆ-43 ಹೆಸರು ಅಳಿಸಿ ‘ಐಎನ್‌ಎಸ್ ಚಕ್ರ’ ಆಯಿತು. ಕ್ಯಾಪ್ಟನ್ ಆರ್.ಎನ್. ಗಣೇಶ್ ಅದರ ಕಮಾಂಡಿಂಗ್ ಆಫೀಸರ್. ಫೆಬ್ರುವರಿ 3ರಂದು ವಿಶಾಖಪಟ್ಟಣಕ್ಕೆ ಬಂದಾಗ ಬರಮಾಡಿಕೊಳ್ಳಲು ಪ್ರಧಾನಿ ರಾಜೀವ್ ಗಾಂಧಿ ಅವರೇ ಬಂದಿದ್ದರು. ಆಗ ಆಂಧ್ರದ ಮುಖ್ಯಮಂತ್ರಿ ಯಾರು? ಹಿಂದೂಪುರದ ಶಾಸಕ ಎನ್.ಟಿ. ರಾಮರಾವ್. ಇನ್ನೂ ಒಂದು ನೆನಪು ಈ ಕಡೆಯವರದ್ದು. 1990ರಲ್ಲಿ, ಚಕ್ರ ಇನ್ನೂ ನಮ್ಮ ಕಡಲಲ್ಲಿ ಇದ್ದಾಗ, ಕೇಂದ್ರದಲ್ಲಿ ರಕ್ಷಣಾ ಖಾತೆ ರಾಜ್ಯ ಸಚಿವರಾಗಿದ್ದವರು ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ಡಾ. ರಾಜಾರಾಮಣ್ಣ.

ಹಡಗು ಸುಮಾರು 95 ಮೀಟರ್ ಉದ್ದ. ಮುಳುಗಿದಾಗ ತೂಕ ಐದು ಸಾವಿರ ಟನ್ ಆಸುಪಾಸು. ಎಂಟು ಕ್ಷಿಪಣಿ ಹೊರುತ್ತಿತ್ತು. ಅದಕ್ಕೆಂದು ವಿಶಾಖಪಟ್ಟಣದಲ್ಲಿ ಬೇರೆಯೇ ಕಟ್ಟೆ, ವಿಕಿರಣ ಅಳೆಯುವ ವ್ಯವಸ್ಥೆ, ಅದಕ್ಕೆ ತಕ್ಕ ಸಿಬ್ಬಂದಿ ಎಲ್ಲ ಬಂತು. ರಿಯಾಕ್ಟರ್ ಬಲ್ಲ ಸೋವಿಯತ್ ತಜ್ಞರೂ ಜೊತೆಗಿದ್ದರು. ಇದನ್ನು ಕೆಲವರು ಹೀಯಾಳಿಸಿದ್ದೂ ಉಂಟು. ಆದರೆ ಡ್ರೈವಿಂಗ್ ಕಲಿಯುವವನ ಪಕ್ಕದಲ್ಲಿ ಕಲಿಸುವವನು ಕೂರದೆ ಇನ್ಯಾರು ಕೂರಬೇಕು?

ಮೂರು ವರ್ಷ ಮುಗಿಯಿತು. ಒಪ್ಪಂದ ಮುಂದುವರಿಯಲಿಲ್ಲ. 1991ರ ಜನವರಿಯಲ್ಲಿ ಚಕ್ರ ಬಂದ ದಾರಿಯಲ್ಲೇ ಹೋಯಿತು. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. 1992ರಲ್ಲಿ ಹಡಗೂ ಸೇವೆಯಿಂದ ಹೊರಬಿತ್ತು. ಹುಟ್ಟಿ ಇಪ್ಪತ್ತೈದು ವರ್ಷ, ಅದರಲ್ಲಿ ನಮ್ಮ ಹೆಸರಿನಲ್ಲಿ ಮೂರು.

ಉಳಿದದ್ದು ಹಡಗಿನ ಮೇಲೆ ಕೆಲಸ ಕಲಿತ ಜನ. ಗಣೇಶ್ ಮುಂದೆ ವೈಸ್ ಅಡ್ಮಿರಲ್ ಆದರು. ನಮ್ಮದೇ ಅಣು ಸಬ್‌ಮರೀನ್ ಕಟ್ಟುವ ಗುಟ್ಟಿನ ಯೋಜನೆಗೆ ಮುಖ್ಯಸ್ಥರೂ ಆದರು. ಆ ಯೋಜನೆಗೆ ಕಾಗದದ ಮೇಲೆ ಇಟ್ಟ ಹೆಸರು ‘ಅಡ್ವಾನ್ಸ್‌ಡ್ ಟೆಕ್ನಾಲಜಿ ವೆಸೆಲ್’. ಸಬ್‌ಮರೀನ್ ಅನ್ನೋ ಮಾತೇ ಅದರಲ್ಲಿ ಇರಲಿಲ್ಲ.

ಇಪ್ಪತ್ತು ಜೀವ ತೆಗೆದ ಗಾಳಿ

1991ರಿಂದ 2012ರವರೆಗೆ, ಇಪ್ಪತ್ತೊಂದು ವರ್ಷ, ಭಾರತದ ಕೈಯಲ್ಲಿ ಅಣುಶಕ್ತಿಯಿಂದ ಓಡುವ ಒಂದೂ ಹಡಗಿರಲಿಲ್ಲ. ಮೊದಲ ಚಕ್ರದಲ್ಲಿ ಕಲಿತವರಿಗೆ ವಯಸ್ಸಾಗುತ್ತಿತ್ತು. ಹೊಸಬರಿಗೆ ಕಲಿಸಲು ಹಡಗು ಬೇಕಿತ್ತು.

ಅತ್ತ ರಷ್ಯಾದ ಪೂರ್ವ ತುದಿಯ ಅಮೂರ್ ನದಿ ದಂಡೆಯಲ್ಲಿ, ಕೊಮ್ಸೊಮೊಲ್ಸ್ಕ್ ಊರಿನ ಹಡಗು ಕಾರ್ಖಾನೆಯಲ್ಲಿ, ಒಂದು ಸಬ್‌ಮರೀನ್ ಅರ್ಧ ಕಟ್ಟಿ ನಿಂತಿತ್ತು. ಹೆಸರು ‘ನೆರ್ಪಾ’, ರಷ್ಯನ್ ಭಾಷೆಯಲ್ಲಿ ಅದೊಂದು ಸೀಲ್ ಪ್ರಾಣಿ. 1990ರ ದಶಕದ ಆರಂಭದಲ್ಲಿ ಕೆಲಸ ಹಿಡಿದಿದ್ದರು, ಸೋವಿಯತ್ ಮುರಿದ ಮೇಲೆ ದುಡ್ಡಿಲ್ಲದೆ ನಿಂತುಹೋಯಿತು. ತಳಪಾಯ, ಗೋಡೆ ಎದ್ದು ತಾರಸಿ ಇಲ್ಲದೆ ನಿಂತ ಮನೆಗಳನ್ನು ನಮ್ಮ ಊರುಗಳಲ್ಲೂ ಕಾಣಬಹುದು. ಭಾರತದ ಜೊತೆ ಮಾತುಕತೆಯಾಗಿ ಕೆಲಸ ಮತ್ತೆ ಸಾಗಿತು. 2006ರ ಜೂನ್‌ನಲ್ಲಿ ನೀರಿಗಿಳಿಯಿತು.

2008ರ ನವೆಂಬರ್ 8. ಜಪಾನ್ ಸಮುದ್ರದಲ್ಲಿ ನೆರ್ಪಾ ಪರೀಕ್ಷೆಗೆ ಮುಳುಗಿತ್ತು. ಒಳಗೆ 208 ಜನ. ಮಾಮೂಲಿ ಸಿಬ್ಬಂದಿಗಿಂತ ಎರಡು ಪಟ್ಟಿಗೂ ಹೆಚ್ಚು, ಯಾಕೆಂದರೆ ಕಾರ್ಖಾನೆ ಕೆಲಸಗಾರರೂ ಒಳಗಿದ್ದರು. ಬೆಂಕಿ ಬಿದ್ದರೆ ನಂದಿಸಲು ಹಡಗಿನಲ್ಲಿ ಫ್ರಿಯಾನ್ ಅನಿಲ ಬಿಡುವ ವ್ಯವಸ್ಥೆ ಇರುತ್ತದೆ. ಅವತ್ತು ಬೆಂಕಿಯೇ ಇರಲಿಲ್ಲ, ಅನಿಲ ಮಾತ್ರ ಹೊರಬಂತು. ಮುಚ್ಚಿದ ಕೋಣೆಯಲ್ಲಿ ಅದು ಉಸಿರಾಡುವ ಗಾಳಿಯನ್ನು ತಳ್ಳಿಬಿಡುತ್ತದೆ. 20 ಮಂದಿ ಸತ್ತರು. ಅವರಲ್ಲಿ 17 ಮಂದಿ ಸೈನಿಕರಲ್ಲ, ಕಾರ್ಖಾನೆಯ ಕೆಲಸಗಾರರು. ರಿಯಾಕ್ಟರ್‌ಗೆ ಏನೂ ಆಗಲಿಲ್ಲ.

ಭಾರತದ ಧ್ವಜ ಏರುವ ಮುನ್ನವೇ ಈ ಹಡಗು ಇಪ್ಪತ್ತು ಮನೆಗಳ ದೀಪ ಆರಿಸಿತ್ತು ಅನ್ನೋದನ್ನು ಚಕ್ರದ ಕಥೆ ಹೇಳುವವರು ಬಹಳ ಸಲ ಬಿಟ್ಟೇ ಬಿಡುತ್ತಾರೆ. ಬಿಡಬಾರದು. ವಿಶಾಖಪಟ್ಟಣದ ಕಟ್ಟೆಗೆ ಬಂದು ನಿಂತದ್ದು ಅದೇ ಹಡಗು.

ದುರಸ್ತಿ, ಮತ್ತೆ ಪರೀಕ್ಷೆ ಎಲ್ಲ ಮುಗಿದು 2012ರ ಜನವರಿ 23ರಂದು ರಷ್ಯಾದ ಬೊಲ್ಶೊಯ್ ಕಾಮೆನ್‌ನಲ್ಲಿ ಭಾರತಕ್ಕೆ ಒಪ್ಪಿಸಿದರು. ಹತ್ತು ವರ್ಷದ ಗುತ್ತಿಗೆ. ಬಾಡಿಗೆ ನೂರು ಕೋಟಿ ಡಾಲರ್ ಹತ್ತಿರ ಅಂತ ಆಗ ವರದಿಯಾಗಿತ್ತು. ಏಪ್ರಿಲ್ 4ರಂದು ವಿಶಾಖಪಟ್ಟಣದಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಅದನ್ನು ಸೇವೆಗೆ ಸೇರಿಸಿದರು. ಹೆಸರು ಮತ್ತೆ ‘ಚಕ್ರ’. (ಅದಕ್ಕೆ ಸರಿಯಾಗಿ ಹತ್ತು ವರ್ಷಕ್ಕೆ, 2022ರ ಏಪ್ರಿಲ್ 4ರಂದು, ಪೆನುಕೊಂಡ, ಹಿಂದೂಪುರ, ಮಡಕಶಿರಾ ಅನಂತಪುರದಿಂದ ಬೇರೆಯಾಗಿ ಶ್ರೀಸತ್ಯಸಾಯಿ ಜಿಲ್ಲೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆ ಹೊತ್ತಿಗೆ ಚಕ್ರ ಮಾತ್ರ ಇರಲಿಲ್ಲ.)

ಒಂಬತ್ತು ವರ್ಷದ ಸೇವೆ

ಎರಡನೆಯ ಚಕ್ರ ಮೊದಲನೆಯದಕ್ಕಿಂತ ದೊಡ್ಡದು. 110 ಮೀಟರ್ ಉದ್ದ. ನೀರ ಮೇಲೆ ಇರುವಾಗ ಎಂಟು ಸಾವಿರ ಟನ್ ದಾಟುತ್ತಿತ್ತು. ನೀರಿನಡಿ ಗಂಟೆಗೆ 50 ಕಿಲೋಮೀಟರ್‌ಗೂ ಹೆಚ್ಚು ಓಡುತ್ತಿತ್ತು. ನೀರು ಸೀಳಿಕೊಂಡು ಹೋಗೋ ಹಡಗಿಗೆ ಇದು ಭಾರಿ ವೇಗ. ಶತ್ರು ಹಡಗುಗಳ ಬೆನ್ನು ಹಿಡಿಯುವುದು, ನಮ್ಮ ದೊಡ್ಡ ಹಡಗುಗಳಿಗೆ ಕಾವಲು ಕೊಡುವುದು ಇದರ ಕೆಲಸ.

ಇಂಥ ಹಡಗು ದಿನಾ ಏನು ಮಾಡುತ್ತಿತ್ತು ಅನ್ನೋದು ಹೊರಗೆ ಬರೋದಿಲ್ಲ. ಕಾಣದೆ ಇರೋದೇ ಅದರ ಕೆಲಸ. ಒಳಗಿದ್ದವರ ಮನೆಯವರಿಗೂ ಎಲ್ಲಿದ್ದಾರೆ, ಯಾವತ್ತು ಬರುತ್ತಾರೆ ಅನ್ನೋದು ತಿಳಿಯುವಂತಿಲ್ಲ. ಸೈನ್ಯದಲ್ಲಿರುವ ಮಗನ ಫೋನಿಗೆ ಕಾಯುವ ತಾಯಂದಿರು ಈ ಸೀಮೆಯಲ್ಲೂ ಇದ್ದಾರೆ. ಗಡಿಯಲ್ಲಿರುವ ಸೈನಿಕನಿಗೆ ಗುಡ್ಡ ಹತ್ತಿದರೆ ಸಿಗ್ನಲ್ ಸಿಕ್ಕೀತು. ಮುಳುಗಿದವನಿಗೆ ಅದೂ ಇಲ್ಲ.

ಒಂದು ಸಲ ಮಾತ್ರ ಸುದ್ದಿ ಹೊರಬಿತ್ತು. 2017ರಲ್ಲಿ ಚಕ್ರದ ಮುಂಭಾಗದ ಸೋನಾರ್ ಗುಮ್ಮಟಕ್ಕೆ ಪೆಟ್ಟಾಗಿತ್ತು. ಸೋನಾರ್ ಅಂದರೆ ಶಬ್ದದಿಂದ ದಾರಿ ನೋಡುವ ಸಾಧನ, ಸಬ್‌ಮರೀನ್‌ಗೆ ಅದೇ ಕಣ್ಣು, ಅದೇ ಕಿವಿ. ಅದರ ಎರಡು ಹಲಗೆ ಕಳಚಿದ್ದವು ಎಂದು ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅದೇ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರು. ತನಿಖೆಯೂ ನಡೆಯಿತು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ಮಾಲೀಕನನ್ನು ಕೇಳಬೇಕು. ಬಿಡಿಭಾಗ, ದುರಸ್ತಿ ಅಂದರೆ ಮತ್ತೆ ರಷ್ಯಾದ ಕಡೆಗೇ ನೋಡಬೇಕಿತ್ತು.

2021ರ ಜೂನ್ ಮೊದಲ ವಾರ. ಸಿಂಗಾಪುರದ ಬಳಿಯ ಇಕ್ಕಟ್ಟಾದ ಜಲಸಂಧಿಯಲ್ಲಿ ಒಂದು ಕಪ್ಪು ಸಬ್‌ಮರೀನ್ ನೀರ ಮೇಲೆ ಹೋಗುತ್ತಿರೋದನ್ನು ಜನ ಕಂಡು ಫೋಟೋ ತೆಗೆದರು. ಜೊತೆಗೆ ರಷ್ಯಾದ ಹಡಗುಗಳು. ಚಕ್ರ ವ್ಲಾಡಿವೊಸ್ಟೊಕ್ ಕಡೆಗೆ ಹೊರಟಿತ್ತು. ಗುತ್ತಿಗೆ ಮುಗಿಯಲು ಇನ್ನೂ ಕೆಲವು ತಿಂಗಳಿತ್ತು. ಬಂದಾಗ ಸಚಿವರು, ಬ್ಯಾಂಡು, ಭಾಷಣ ಎಲ್ಲ ಇತ್ತು. ಹೋಗುವಾಗ ದೇಶಕ್ಕೆ ಸುದ್ದಿ ತಿಳಿದದ್ದು ಪರದೇಶದ ಕಡಲಲ್ಲಿ ತೆಗೆದ ಫೋಟೋಗಳಿಂದ.

ಮ್ಯೂಸಿಯಂ ಯಾಕೆ ಆಗಲಿಲ್ಲ?

ಕುರ್ಸುರಾ ಮುಂದೆ ನಿಂತವರ ಪ್ರಶ್ನೆಗೆ ಒಂದು ಉತ್ತರ ಇಷ್ಟೇ: ಚಕ್ರ ನಮ್ಮದಾಗಿರಲಿಲ್ಲ. ಇನ್ನೊಂದು ಉತ್ತರ ಸ್ವಲ್ಪ ಉದ್ದ.

ಡೀಸೆಲ್ ಹಡಗು ನಿವೃತ್ತಿಯಾದರೆ ಎಣ್ಣೆ ತೆಗೆದು, ಬ್ಯಾಟರಿ ಇಳಿಸಿ, ದಡಕ್ಕೆ ಎಳೆದು ಬಣ್ಣ ಹೊಡೆದರೆ ಮಕ್ಕಳು ಒಳಗೆ ಓಡಾಡಬಹುದು. ಅಣು ಹಡಗಿನ ರಿಯಾಕ್ಟರ್ ನಿಲ್ಲಿಸಿದ ಮೇಲೂ ಸುಮ್ಮನಾಗೋದಿಲ್ಲ. ಒಲೆ ಆರಿಸಿದರೂ ಬೂದಿಯಲ್ಲಿ ಕೆಂಡ ಇರುವ ಹಾಗೆ ಕಾವು ಇರುತ್ತದೆ, ವಿಕಿರಣ ಇರುತ್ತದೆ. ಮೊದಲು ಬಳಸಿದ ಇಂಧನವನ್ನು ಹೊರತೆಗೆಯಬೇಕು. ಅಷ್ಟಕ್ಕೂ ಮುಗಿಯೋದಿಲ್ಲ. ವರ್ಷಗಟ್ಟಲೆ ವಿಕಿರಣ ಕುಡಿದ ಉಕ್ಕೇ ವಿಕಿರಣ ಸೂಸುತ್ತಿರುತ್ತದೆ. ಹಾಗಾಗಿ ರಿಯಾಕ್ಟರ್ ಇರುವ ಇಡೀ ಭಾಗವನ್ನು, ಹಡಗಿನ ನಡುವನ್ನೇ ಕತ್ತರಿಸಿ, ಎರಡೂ ಬದಿ ಬೆಸುಗೆ ಹಾಕಿ ಮುಚ್ಚಿ, ಎಲ್ಲಾದರೂ ಇಡಬೇಕು.

ಎಲ್ಲಿ ಇಡೋದು ಅನ್ನೋದೇ ದೊಡ್ಡ ತಲೆನೋವು. ಅಮೆರಿಕ ತನ್ನ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡ್ ಬಯಲಿನಲ್ಲಿ ಉದ್ದನೆಯ ಗುಂಡಿ ತೋಡಿ ಇಂಥ ನೂರಕ್ಕೂ ಹೆಚ್ಚು ತುಂಡುಗಳನ್ನು ಸಾಲಾಗಿ ಇಟ್ಟಿದೆ. ರಷ್ಯಾ ಉತ್ತರ ಧ್ರುವದ ಹತ್ತಿರದ ಸೈದಾ ಕೊಲ್ಲಿಯಲ್ಲಿ ಕಾಂಕ್ರೀಟ್ ಅಂಗಳ ಹಾಕಿ ಇಟ್ಟಿದೆ. ಬ್ರಿಟನ್ ಕಥೆ ಕೇಳಿ. ಅದರ ಮೊದಲ ಅಣು ಸಬ್‌ಮರೀನ್ ‘ಡ್ರೆಡ್‌ನಾಟ್’ ನಿವೃತ್ತಿಯಾಗಿದ್ದು 1980ರಲ್ಲಿ. ನಲವತ್ತು ವರ್ಷ ಕಳೆದರೂ ಅದು ಸ್ಕಾಟ್ಲೆಂಡಿನ ರೊಸೈತ್ ಬಂದರಿನಲ್ಲಿ ಕಟ್ಟಿಹಾಕಿಯೇ ಇತ್ತು. ಹಾಗೆ ನಿಂತವು ಒಂದೆರಡಲ್ಲ, ಇಪ್ಪತ್ತು ದಾಟಿದ್ದವು. ಕಟ್ಟುವಾಗ ಇದ್ದ ಅವಸರ ಕಳಚುವಾಗ ಯಾರಿಗೂ ಇರೋದಿಲ್ಲ.

ಮ್ಯೂಸಿಯಂ ಆದ ಅಣು ಹಡಗುಗಳು ಇಲ್ಲವೇ ಇಲ್ಲ ಅಂತಲ್ಲ. ಜಗತ್ತಿನ ಮೊದಲ ಅಣು ಸಬ್‌ಮರೀನ್, ಅಮೆರಿಕದ ‘ನಾಟಿಲಸ್’, 1980ರಲ್ಲಿ ನಿವೃತ್ತಿಯಾಗಿ 1986ರಿಂದ ಗ್ರೋಟನ್ ಊರಿನಲ್ಲಿ ಪ್ರದರ್ಶನಕ್ಕಿದೆ. ಫ್ರಾನ್ಸಿನ ‘ಲ ರೆದುತಾಬ್ಲ್’ ಶೆರ್‌ಬೂರ್ ಬಂದರಿನಲ್ಲಿ ಇದೆ. ರಿಯಾಕ್ಟರ್ ಇದ್ದ ನಡುಭಾಗ ಕತ್ತರಿಸಿ ತೆಗೆದು, ಆ ಜಾಗಕ್ಕೆ ಖಾಲಿ ಕೊಳವೆ ಸೇರಿಸಿ ಜನರಿಗೆ ತೆರೆದರು. ಅದು ತೆರೆದದ್ದೂ 2002ರಲ್ಲೇ, ನಮ್ಮ ಕುರ್ಸುರಾ ತೆರೆದ ವರ್ಷ.

ಮೈಸೂರು, ಚಳ್ಳಕೆರೆ, ವಿಶಾಖಪಟ್ಟಣ

ಚಕ್ರದ ಬಾಡಿಗೆ ದಂಡವಾಯಿತೇ? ಹಾಗೆ ಹೇಳೋದು ಸರಿಯಲ್ಲ. ಅದರ ಮೇಲೆ ಕಲಿತವರಿಗೆ ನಮ್ಮದೇ ಹಡಗು ಕಾದಿತ್ತು. ಕಲ್ಪಾಕ್ಕಂನಲ್ಲಿ ನೆಲದ ಮೇಲೆಯೇ ಸಬ್‌ಮರೀನಿನ ಅರ್ಧ ದೇಹ ಕಟ್ಟಿ, ರಿಯಾಕ್ಟರ್ ಕೂರಿಸಿ 2006ರಲ್ಲಿ ಪೂರ್ಣ ಶಕ್ತಿಯಲ್ಲಿ ಓಡಿಸಿ ನೋಡಿದರು. 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ‘ಅರಿಹಂತ್’ ನೀರಿಗಿಳಿಯಿತು. ಹಡಗು ನೀರಿಗಿಳಿಸುವಾಗ ಪಶ್ಚಿಮದವರು ಶಾಂಪೇನ್ ಬಾಟ್ಲಿ ಒಡೆಯುತ್ತಾರೆ. ಇಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರ ಪತ್ನಿ ಗುರುಶರಣ್ ಕೌರ್ ತೆಂಗಿನಕಾಯಿ ಒಡೆದರು. 2013ರ ಆಗಸ್ಟ್‌ನಲ್ಲಿ ಅದರ ರಿಯಾಕ್ಟರ್ ಹೊತ್ತಿಕೊಂಡಿತು, 2016ರಲ್ಲಿ ಸೇವೆಗೆ ಸೇರಿತು. ಅದರ ಜೊತೆಗಾತಿ ‘ಅರಿಘಾತ್’ 2024ರ ಆಗಸ್ಟ್ 29ರಂದು ಸೇರಿತು. ಚಕ್ರ ಹೊರದ ಅಣ್ವಸ್ತ್ರವನ್ನು ಹೊರಲೆಂದೇ ಕಟ್ಟಿದ ಹಡಗುಗಳಿವು.

ಈ ಹಡಗುಗಳ ಒಲೆಗೆ ಇಂಧನ ಎಲ್ಲಿಂದ? ಇಲ್ಲಿಗೆ ಬಂದಾಗ ಕಥೆ ನಮ್ಮ ಮಗ್ಗುಲಿಗೆ ಬರುತ್ತದೆ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಒಡೆಯಬಲ್ಲ ಜಾತಿ ಇರೋದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ, 0.7 ಮಾತ್ರ. ಸಬ್‌ಮರೀನಿನ ಚಿಕ್ಕ ರಿಯಾಕ್ಟರ್‌ಗೆ ಅದು ಸಾಲದು, ಗಟ್ಟಿ ಮಾಡಬೇಕು. ಯುರೇನಿಯಂ ಅನ್ನು ಅನಿಲ ಮಾಡಿ ಉದ್ದನೆಯ ಕೊಳವೆಗಳಲ್ಲಿ ಭಯಂಕರ ವೇಗದಲ್ಲಿ ತಿರುಗಿಸುತ್ತಾರೆ. ಭಾರದ್ದು ಅಂಚಿಗೆ, ಹಗುರದ್ದು ನಡುವಿಗೆ. ಮೊಸರು ಕಡೆದು ಬೆಣ್ಣೆ ಬೇರೆ ಮಾಡುವ ಹಾಗೆಯೇ, ಆದರೆ ಇಲ್ಲಿ ಸಾವಿರಾರು ಗಡಿಗೆ, ಹಗಲೂ ರಾತ್ರಿ. ಈ ಕಡೆಯುವ ಕೆಲಸ ನಡೆಯುವುದು ಮೈಸೂರು ಹೊರವಲಯದ ರತ್ನಹಳ್ಳಿಯ ಅಪರೂಪ ವಸ್ತುಗಳ ಘಟಕದಲ್ಲಿ, 1990ರ ದಶಕದ ಆರಂಭದಿಂದ.

ಇನ್ನೂ ಹತ್ತಿರ ಬರೋಣ. ಕಲ್ಯಾಣದುರ್ಗದಿಂದ ಗಡಿ ದಾಟಿದರೆ ಚಳ್ಳಕೆರೆ ಸೀಮೆ. ಅಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಯುರೇನಿಯಂ ಗಟ್ಟಿ ಮಾಡುವ ಮತ್ತೊಂದು ಘಟಕಕ್ಕೆಂದು, 1,810 ಎಕರೆ ಕೊಟ್ಟರು. ಅಕ್ಕಪಕ್ಕದಲ್ಲಿ ಡಿಆರ್‌ಡಿಒ, ಇಸ್ರೊ, ಐಐಎಸ್‌ಸಿಗೆ ಕೊಟ್ಟ ಜಾಗ ಬೇರೆ. ಇವೆಲ್ಲ ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಿಂದ ದನ ಮೇಯಲು ಬಿಟ್ಟಿದ್ದ ಹುಲ್ಲುಗಾವಲು. ಕುರಿ ಕಾಯುವವರಿಗೆ, ಆ ಉಣ್ಣೆಯಿಂದ ಕಂಬಳಿ ನೇಯುವವರಿಗೆ ಅದೇ ಜೀವನಾಧಾರ.

ಬೇಲಿ, ಗೋಡೆ ಎದ್ದಾಗ ದೊಡ್ಡಉಳ್ಳಾರ್ತಿ ಮತ್ತು ಸುತ್ತಲ ಹಳ್ಳಿಯವರು ಎದ್ದು ನಿಂತರು. ನಮ್ಮನ್ನು ಒಂದು ಮಾತೂ ಕೇಳದೆ ಕಾವಲು ಕೊಟ್ಟರು ಅನ್ನೋದು ಅವರ ದೂರು. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಷರತ್ತುಗಳ ಜೊತೆ ಯೋಜನೆಗಳು ಮುಂದುವರಿದವು. ಕುರಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮಳೆ ಕೈಕೊಟ್ಟ ವರ್ಷ ಮಂದೆ ಹೊಡೆದುಕೊಂಡು ಆಚೀಚೆ ಹೋಗುವ ಕಸುಬು ಗಡಿಯ ಎರಡೂ ಕಡೆ ಇದೆ. ಒಂದು ಕಾವಲು ಮುಚ್ಚಿದರೆ ಇನ್ನೊಂದರ ಮೇಲೆ ಭಾರ ಬೀಳುತ್ತದೆ. ದೇಶದ ರಕ್ಷಣೆ ಬೇಡ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಕಡಲು ಕಾಣದ ಜನ ಕಡಲಿನ ಹಡಗಿಗೆ ಕೊಟ್ಟ ಪಾಲು ಇದು, ಲೆಕ್ಕಕ್ಕಾದರೂ ಬರಲಿ.

ಮುಂದಿನದು ಯಾರ ಅಂಗಳಕ್ಕೆ?

2019ರ ಮಾರ್ಚ್‌ನಲ್ಲಿ ಮೂರನೆಯ ಬಾಡಿಗೆ ಹಡಗಿಗೆ ಒಪ್ಪಂದವಾಯಿತು. ಈ ಸಲ 300 ಕೋಟಿ ಡಾಲರಿಗೂ ಮೇಲೆ. 2025ರ ಹೊತ್ತಿಗೆ ಬರಬೇಕು ಅಂತ ಆಗ ಹೇಳಿದ್ದರು, ಆ ಗಡುವು ತಪ್ಪಿತು. ಅದೂ ಬಂದರೆ, ಅವಧಿ ಮುಗಿದ ದಿನ ಹೋಗುವ ಹಡಗೇ.

ಎರಡು ಚಕ್ರಗಳೂ ನಮಗೆ ಒಂದು ತಾಪತ್ರಯ ಉಳಿಸಿ ಹೋದವು. ಮುಪ್ಪಾದ ರಿಯಾಕ್ಟರನ್ನು ಬಿಚ್ಚುವುದು, ಸುಟ್ಟ ಇಂಧನ ತೆಗೆಯುವುದು, ನಡುಭಾಗ ಕತ್ತರಿಸುವುದು, ಅದನ್ನು ಇಡಲು ಜಾಗ ಹುಡುಕುವುದು ಎಲ್ಲ ಕೊಟ್ಟವರ ಪಾಲಿಗೇ ಹೋಯಿತು. ಅರಿಹಂತ್ ಹಾಗಲ್ಲ. ಅದು ಸ್ವಂತ ಮನೆ. ಇಂಥ ಹಡಗುಗಳು ಸಾಮಾನ್ಯವಾಗಿ ಇಪ್ಪತ್ತೈದು, ಮೂವತ್ತು ವರ್ಷ ದುಡಿಯುತ್ತವೆ. 2016ಕ್ಕೆ ಅಷ್ಟು ಕೂಡಿಸಿದರೆ 2040ರ ದಶಕ. ರೊಳ್ಳ, ಅಗಳಿಯ ಕನ್ನಡ ಶಾಲೆಗಳಲ್ಲಿ ಈಗ ಐದನೆಯ ಕ್ಲಾಸಿನಲ್ಲಿ ಇರುವ ಮಕ್ಕಳು ಆಗ ತಮ್ಮ ಮಕ್ಕಳನ್ನು ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ಕೂರಿಸಿಕೊಂಡು ಬೀಚು ತೋರಿಸಲು ಹೊರಟಿರುತ್ತಾರೆ. ಅರಿಹಂತ್‌ನ ನಡುಭಾಗವನ್ನು ಆಗ ವ್ಲಾಡಿವೊಸ್ಟೊಕ್‌ಗೆ ಕಳಿಸಲಾಗದು. ಹ್ಯಾನ್‌ಫೋರ್ಡ್‌ನಲ್ಲಿ ಗುಂಡಿ ತೋಡಿದ್ದು ಮಳೆ ಕಡಿಮೆ ಬೀಳುವ, ಜನ ವಿರಳವಾಗಿರುವ ಒಣ ಬಯಲಿನಲ್ಲಿ.